ನಿಮ್ಮ ಕೈಗೆ ಬಿಟ್ಟೆ

"ಕೈ ತೆಗೀರಿ ಮೇಡಂ!"

ಆ ಕೂಗಿಗೆ ಗಂಡಸರ ವಾರ್ಡಿಗೆ ವಾರ್ಡೇ ತಿರುಗಿ ನೋಡಿತು. ಗುತ್ತೆಪ್ಪಜ್ಜನ ಕೈಗೆ ಅಂಟಿಸಿದ್ದ ಪಟ್ಟಿಯನ್ನು ಇನ್ನೇನು ಬಿಚ್ಚಬೇಕು ಎಂದಿದ್ದ ಚೌಡೇಶ್ವರಿ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು.

ಬೆನ್ನ ಹಿಂದೆ ಅವಳದೇ ವಿದ್ಯಾರ್ಥಿನಿಯರು ಸಾಲಾಗಿ ನಿಂತಿದ್ದರು. ಅವರ ಮುಂದೆಯೇ ಈ ಮಾತು! ಅವಳಿಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು.

ಟ್ರೇ ಹಿಡಿದು ದಾಪುಗಾಲು ಹಾಕುತ್ತಾ ಬಂದವನು ಆ ವಾರ್ಡಿನ ನರ್ಸ್ ಮಾಲತೇಶ. ಬಾತಿ ಊರಿನವನು. ರೋಗಿಗಳೆಲ್ಲ ಅವನನ್ನು ಕರೆಯುವುದು 'ಬ್ರದರ್' ಎಂದು.

"ಯಾಕ್ರೀ? ಅಜ್ಜನ ಕೈ ಊದಿರೋದು ನಿಮಗೆ ಕಾಣಂಗಿಲ್ವಾ? ಡ್ರಿಪ್ ನರದಿಂದ ಜಾರೈತೆ. ಸೂಜಿ ತೆಗೀಬೇಕು ತಾನೇ?" ಚೌಡೇಶ್ವರಿಯೂ ಬಿಡಲಿಲ್ಲ.

"ನೀವು ಹೇಳೋದು ಖರೆ ಐತ್ರಿ. ಅದಕ್ಕೇ ಬಂದ್ ಮಾಡಿ, ಹೊಸ ಸೂಜಿ ತರಾಕೆ ಹೋಗಿದ್ದೆ. ಆದ್ರೆ ಅಜ್ಜಗೆ ರಕ್ತ ತೆಳು ಮಾಡೋ ಇಂಜೆಕ್ಷನ್ ನಡದೈತೆ. ಸೂಜಿ ಕಿತ್ತ ಜಾಗನ ಬಾಳ ಹೊತ್ತು ಒತ್ತಿ ಹಿಡೀಬೇಕು. ಅದು ನಿಮಗೆ ಗೊತ್ತಿತ್ತೇನ್ರಿ?"

ಗೊತ್ತಿರಲಿಲ್ಲ. ಅವಳು ತುಟಿ ಕಚ್ಚಿದಳು.

"ಗೊತ್ತಿಲ್ದಿರೋದು ನಿಮ್ಮ ತಪ್ಪಲ್ಲ. ನಾನಿನ್ನೂ ಅಜ್ಜನ್ನ ನಿಮಗೆ ಒಪ್ಪಿಸಿಲ್ಲ" ಎಂದ ಮಾಲತೇಶ. ಈಗ ದನಿ ಇಳಿದಿತ್ತು. "ನಮ್ಮ ವಾರ್ಡಾಗೆ ಒಂದು ರೂಢಿ ಐತೆ. ಡ್ಯೂಟಿ ಬಿಡೋರು ಮಂಚದ ಹತ್ರ ನಿಂತು ಎಲ್ಲಾ ಹೇಳಿ, ಕೊನೀಗೆ 'ನಿಮ್ಮ ಕೈಗೆ ಬಿಟ್ಟೆ' ಅನ್ನಬೇಕು. ಬಂದೋರು 'ನನ್ನ ಕೈಗೆ ಬಂತು' ಅನ್ನಬೇಕು. ಅಲ್ಲೀವರೆಗೂ ರೋಗಿ ಮೊದಲಿನೋರ ಕೈಯಾಗೇ ಇರ್ತಾನೆ. ಹೇಳದೇ ಬಿಟ್ಟು ಹೋಗಂಗಿಲ್ಲ, ಕೇಳದೇ ಹಿಡ್ಕೊಳಂಗಿಲ್ಲ."

ಆಮೇಲೆ ಅವನು ಯಾರೂ ನಿರೀಕ್ಷಿಸದ ಕೆಲಸ ಮಾಡಿದ. ಅಜ್ಜನ ಕಾಲಿನ ಗಾಯ, ಸಕ್ಕರೆ ಕಾಯಿಲೆ, ಔಷಧಿ ಎಲ್ಲವನ್ನೂ ಅವಳಿಗೆ ಬಿಡಿಸಿ ಹೇಳಿ, ಟ್ರೇಯನ್ನು ಅವಳ ಮುಂದಿಟ್ಟ.

"ಈಗ ಅಜ್ಜನ್ನ ನಿಮ್ಮ ಕೈಗೆ ಬಿಟ್ಟೆ."

ಚೌಡೇಶ್ವರಿ ಕಕ್ಕಾಬಿಕ್ಕಿಯಾದಳು. ಈಗ ತಾನೇ ಎಲ್ಲರೆದುರು ಗದರಿದವನು, ಈಗ ಎಲ್ಲರೆದುರೇ ನಂಬಿ ಒಪ್ಪಿಸುತ್ತಿದ್ದಾನೆ! ಇದು ಅವಮಾನವೋ? ಮರ್ಯಾದೆಯೋ?

"ಬಂತು" ಎಂದಳು ಗೊಣಗುತ್ತಾ.

"ಪೂರ್ತಿ ಹೇಳ್ರಿ, ಮೇಡಂ."

"ನನ್ನ ಕೈಗೆ ಬಂತು!"

ಬಾಯಲ್ಲಿ ಹೇಳುವುದೇನೋ ಹೇಳಿದಳು. ಆದರೆ ಹಳೆಯ ಸೂಜಿ ತೆಗೆದು, ಒತ್ತಿ ಹಿಡಿದು, ಹೊಸದನ್ನು ಇನ್ನೊಂದು ಕೈಗೆ ಚುಚ್ಚುವ ಹೊತ್ತಿಗೆ ಅವಳ ಬೆರಳು ನಡುಗತೊಡಗಿತು. ಓದು ಮುಗಿಸಿ ನೇರ ಪಾಠಕ್ಕೆ ನಿಂತವಳು ಅವಳು. ಇಷ್ಟು ವರ್ಷ ಅವಳು ಚುಚ್ಚಿದ್ದೆಲ್ಲ ಕಾಲೇಜಿನ ಪ್ಲಾಸ್ಟಿಕ್ ಬೊಂಬೆಯ ಕೈಗೆ. ಬೊಂಬೆಗೆ ನೋವಾಗುವುದಿಲ್ಲ, ಬೊಂಬೆ ನಮ್ಮ ಮುಖ ನೋಡುವುದಿಲ್ಲ.

ಅದೇ ಗಳಿಗೆಗೆ ಮಾಲತೇಶ ಮಂಚಕ್ಕೂ ಹುಡುಗಿಯರಿಗೂ ನಡುವೆ ಬಂದು ನಿಂತ. ಅವಳಿಗೆ ಬೆನ್ನು ಮಾಡಿ, "ಎಲ್ಲಾರೂ ಇಲ್ಲಿ ನೋಡ್ರವ್ವ, ಆಕ್ಸಿಜನ್ ಸಿಲಿಂಡರ್ ಹೆಂಗೆ ತೆಗೀಬೇಕು ಹೇಳ್ತೀನಿ" ಎಂದು ದೊಡ್ಡ ದನಿಯಲ್ಲಿ ಶುರುಮಾಡಿದ. ಎಲ್ಲರ ಕಣ್ಣೂ ಅತ್ತ ಹೋಯಿತು. ಅವಳ ನಡುಗುವ ಕೈ ಯಾರಿಗೂ ಕಾಣಲಿಲ್ಲ.

"ಚುಚ್ಚವ್ವ, ನಂಗೇನಾಗಲ್ಲ" ಎಂದ ಗುತ್ತೆಪ್ಪಜ್ಜ.

ಸೂಜಿ ಸರಿಯಾಗಿ ಕೂತಿತು.

ಬೇಕಂತಲೇ ಅಡ್ಡ ನಿಂತನಾ? ಅಥವಾ ಅದು ಹಾಗೇ ಆಯಿತಾ? ಆ ದಿನ ತನ್ನೂರು ಲೋಕಿಕೆರೆಯ ಮನೆ ಮುಟ್ಟುವವರೆಗೂ ಅವಳ ತಲೆಯಲ್ಲಿ ಇದೇ ಪ್ರಶ್ನೆ. ಕೋಪ ಬಂದರೆ ಕೋಪ ಪೂರ್ತಿ ಬರುತ್ತಿಲ್ಲ, ಕೃತಜ್ಞತೆ ಬಂದರೆ ಅದೂ ಪೂರ್ತಿ ಬರುತ್ತಿಲ್ಲ!

*

ಇಷ್ಟಕ್ಕೂ ಕಾಲೇಜಿನ ಮೇಡಂಗೆ ವಾರ್ಡಿನಲ್ಲೇನು ಕೆಲಸ ಅಂತೀರಾ? ದಾವಣಗೆರೆಯ ಆ ನರ್ಸಿಂಗ್ ಕಾಲೇಜಿಗೂ ಹರಿಹರದ ಆ ಆಸ್ಪತ್ರೆಗೂ ಹೊಸದಾಗಿ ಒಪ್ಪಂದವಾಗಿತ್ತು. ಪಾಠ ಮಾಡುವವರು ವಾರದಲ್ಲಿ ಕೆಲವು ದಿನ ವಾರ್ಡಿಗೆ ಬರಬೇಕು, ವಾರ್ಡಿನ ನರ್ಸ್‌ಗಳು ಶನಿವಾರ ಕಾಲೇಜಿಗೆ ಹೋಗಿ ಪಾಠ ಮಾಡಬೇಕು. ವರ್ಷದ ಕೊನೆಗೆ ಒಂದು ಜಂಟಿ ಹುದ್ದೆ. ಅರ್ಧ ವಾರ ಕಾಲೇಜು, ಅರ್ಧ ವಾರ ಆಸ್ಪತ್ರೆ. ಅದಕ್ಕೆ ಆಯ್ಕೆಯಾಗಿದ್ದವಳು ಚೌಡೇಶ್ವರಿ. ಆದರೆ ಒಂದು ಷರತ್ತು. ವಾರ್ಡಿನ ಅನುಭವಿ ನರ್ಸ್ ಒಬ್ಬರು ಅವಳ ಕೆಲಸ ನೋಡಿ, ಮಾರ್ಕು ಹಾಕಿ, 'ಈಕೆಗೆ ವಾರ್ಡ್ ಒಪ್ಪಿಸಬಹುದು' ಅನ್ನಬೇಕು. ಇಲ್ಲದಿದ್ದರೆ ಮತ್ತೆ ಅದೇ ಬೊಂಬೆ, ಅದೇ ಬೋರ್ಡು.

ಆ ಹುದ್ದೆ ಅವಳಿಗೆ ಬೇಕೇ ಬೇಕಿತ್ತು. ನಡುಗುವ ಕೈ ಇಟ್ಟುಕೊಂಡು ಇನ್ನೊಬ್ಬರಿಗೆ ನರ್ಸಿಂಗ್ ಕಲಿಸುವುದು ಅವಳ ಮನಸ್ಸಿಗೆ ಸುಳ್ಳು ಅನ್ನಿಸುತ್ತಿತ್ತು.

ಆಸ್ಪತ್ರೆಯ ನರ್ಸಿಂಗ್ ಸೂಪರಿಂಟೆಂಡೆಂಟ್ ಅಕ್ಕನಾಗಮ್ಮ ಇಬ್ಬರನ್ನೂ ಕೋಣೆಗೆ ಕರೆದು, ಕನ್ನಡಕದ ಮೇಲಿಂದ ನೋಡಿದ್ದರು.

"ನೋಡವ್ವ ಚೌಡೇಶ್ವರಿ, ನಿಂಗೆ ಮಾರ್ಕು ಹಾಕೋನು ಇವನೇ. ಮಾರ್ಕು ಹಾಕೋರು ಸಂಬಂಧಿಕರು ಆಗಿರಬಾರದು ಅಂತ ಒಪ್ಪಂದದಾಗೆ ಐತೆ. ನೀವಿಬ್ಬರೂ ನೆಂಟರೇನಲ್ಲ ತಾನೇ?"

"ಇಲ್ರೀ!" ಇಬ್ಬರ ಬಾಯಿಂದಲೂ ಒಟ್ಟಿಗೇ ಬಂತು. ಅಕ್ಕನಾಗಮ್ಮ ನಕ್ಕರು.

*

ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ಬೆಳಗಿನ ಬಸ್ಸು ದಾರಿಯಲ್ಲಿ ಬಾತಿಯಲ್ಲಿ ನಿಲ್ಲುತ್ತದೆ. ಚೌಡೇಶ್ವರಿ ಸರ್ಕಾರಿ ಬಸ್ಸಿಗೇ ಬರುವವಳು. ಹೆಂಗಸರಿಗೆ ಟಿಕೆಟ್ ಇಲ್ಲವಲ್ಲ! ಮಾಲತೇಶನಿಗೋ, ಮನೆ ಮುಂದೆಯೇ ಪ್ರೈವೇಟ್ ಬಸ್ಸು ಸಿಗುತ್ತಿತ್ತು. ಆದರೂ ಅದೊಂದು ದಿನದಿಂದ ಅವನು ಆ ಬಸ್ಸುಗಳನ್ನೆಲ್ಲ ಬಿಟ್ಟು ಸರ್ಕಾರಿ ಬಸ್ಸಿಗೆ ಕಾಯತೊಡಗಿದ. ಯಾಕೆ ಎಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಮುಂದಿನ ಬಾಗಿಲಿನ ಹತ್ತಿರದ ಸೀಟಿನಲ್ಲಿ ಅವಳು ಬ್ಯಾಗ್ ಇಟ್ಟು ಜಾಗ ಹಿಡಿಯುತ್ತಿದ್ದಳು. ಬಾತಿ ಬಂದಾಗ ಬ್ಯಾಗ್ ಎತ್ತುತ್ತಿದ್ದಳು. ಅಷ್ಟೇ. ಅಷ್ಟರಲ್ಲೇ ಎಷ್ಟೊಂದಿತ್ತು!

ಶನಿವಾರ ಅವನ ಸರದಿ. ವಾರ್ಡಿನಲ್ಲಿ ಹುಲಿಯಂತೆ ಓಡಾಡುವವನು ಕಾಲೇಜಿನ ಬೋರ್ಡಿನ ಮುಂದೆ ಬೆವರಿ ನೀರಾದ. ಬಾಯಿಂದ ಮಾತೇ ಹೊರಡಲಿಲ್ಲ.

"ಹುಡುಗೇರು ನಗ್ತಾರ್ರಿ ಮೇಡಂ. ನನ್ನ ಕೈಲಿ ಆಗಲ್ಲ."

"ಆಗ್ತೈತೆ. ಬೋರ್ಡ್ ಮರೀರಿ. ಗುತ್ತೆಪ್ಪಜ್ಜನ ಮಂಚದ ಹತ್ರ ನಿಂತೀನಿ ಅನ್ಕೊಳ್ರಿ. ಮೊದಲು ಅಜ್ಜ ಹೆಂಗಿದ್ದ ಹೇಳ್ರಿ, ಆಮ್ಯಾಲೆ ಯಾಕ ಹಂಗಾಯ್ತು ಹೇಳ್ರಿ."

ಹೀಗೆ ಅವನಿಗೆ ಅವಳು ಪಾಠ ಮಾಡುವುದನ್ನು ಕಲಿಸಿದಳು. ಅವಳ ಕೈಯ ನಡುಕವನ್ನು ಅವನು ದಿನದಿನಕ್ಕೂ ಕಡಿಮೆ ಮಾಡಿದ. ಒಂದು ಸಂಜೆ ದಾವಣಗೆರೆಯ ಮಂಡಿಪೇಟೆಯ ಮೂಲೆಯಲ್ಲಿ ನಿಂತು ಮಂಡಕ್ಕಿ ತಿನ್ನುವಾಗ ಅವನು ಇದ್ದಕ್ಕಿದ್ದಂತೆ ತಿನ್ನುವುದನ್ನು ನಿಲ್ಲಿಸಿಬಿಟ್ಟ.

"ಏನಾಯ್ತ್ರಿ?"

"ಏನಿಲ್ಲ... ನಿಮ್ಮ ಕೈ ಈಗ ನಡುಗಂಗಿಲ್ಲ" ಎಂದ. ಅವಳ ಕೈಯನ್ನೇ ನೋಡುತ್ತಿದ್ದ.

ಇದು ಗುರು ಹೇಳುವ ಮಾತಾ? ಗೆಳೆಯ ಹೇಳುವ ಮಾತಾ? ಅಥವಾ...

ಆ 'ಅಥವಾ'ದ ಮುಂದೆ ಹೋಗಲು ಅವಳಿಗೆ ಧೈರ್ಯ ಬರಲಿಲ್ಲ. ವಾರ್ಡಿನಲ್ಲಿ ಇಡೀ ದಿನ ಒಬ್ಬರನ್ನು ಬ್ರದರ್ ಎಂದೂ, ಇನ್ನೊಬ್ಬರನ್ನು ಸಿಸ್ಟರ್ ಎಂದೂ ಕರೆಯುತ್ತಿದ್ದರೆ ಪಾಪ, ಪ್ರೀತಿಯಾದರೂ ಎಲ್ಲಿಂದ ತಲೆಯೆತ್ತಬೇಕು ಹೇಳಿ!

*

ಮಾರ್ಕು ಹಾಕುವ ತಿಂಗಳು ಶುರುವಾಗುವ ಹಿಂದಿನ ದಿನ ಅಕ್ಕನಾಗಮ್ಮ ಅವಳನ್ನು ಕರೆದರು.

"ನಾಳೆಯಿಂದ ನಿನ್ನ ಕೆಲಸ ಶಾಂತಕುಮಾರಿ ನೋಡ್ತಾಳೆ."

ಚೌಡೇಶ್ವರಿಗೆ ಅರ್ಥವಾಗಲಿಲ್ಲ. "ಮಾಲತೇಶ್ ಅವರು?"

"ಅವನು ಆಗಲ್ಲ ಅಂದ. ನಿನಗೆ ಮಾರ್ಕು ಹಾಕಾಕೆ ತನ್ನಿಂದ ಆಗಲ್ಲ ಅಂತ ಅವನೇ ಬಂದು ಹೇಳಿ ಹೋದ. ಬ್ಯಾರೆ ವಾರ್ಡಿಗೂ ಹಾಕಿಸ್ಕೊಂಡ."

"ಯಾಕಂತ್ರಿ?"

"ಅದನ್ನ ಅವನೇ ಹೇಳಬೇಕವ್ವ. ನಾನು ಹೇಳಬಾರದು."

ಆಗಲ್ಲ ಅಂದನಾ? ಅಂದರೆ... ನಾನು ಫೇಲ್ ಅಂತ ಅವನಿಗೆ ಗೊತ್ತು. ಮುಖ ನೋಡಿ ಕಡಿಮೆ ಮಾರ್ಕು ಹಾಕಲು ಸಂಕೋಚ. ಅದಕ್ಕೇ ಜಾರಿಕೊಂಡ! ಹಾಗಾದರೆ 'ಕೈ ನಡುಗಂಗಿಲ್ಲ' ಅಂದಿದ್ದು ಬರೀ ಬಾಯಿಮಾತಾ?

ಮರುದಿನ ಬೆಳಿಗ್ಗೆ ಬಾತಿಯಲ್ಲಿ ಬಸ್ಸು ನಿಂತಿತು. ಅವಳು ಬ್ಯಾಗ್ ಎತ್ತಿದಳು. ಮುಂದಿನ ಬಾಗಿಲಿನಿಂದ ಅವನು ಹತ್ತಲಿಲ್ಲ. ಬ್ಯಾಗ್ ಮತ್ತೆ ಸೀಟಿನ ಮೇಲೆ ಇಟ್ಟಳು. ಇಟ್ಟ ಕೈ ನಡುಗಿತು.

ಶಾಂತಕುಮಾರಿ ಸಿಸ್ಟರ್ ನಗುವವರಲ್ಲ. "ಮತ್ತೊಂದು ಸಲ ಮಾಡ್ರಿ" ಎಂಬುದು ಬಿಟ್ಟರೆ ಅವರ ಬಾಯಲ್ಲಿ ಬೇರೆ ಮಾತಿಲ್ಲ. ಶನಿವಾರ ಕಾಲೇಜಿನ ಮೆಟ್ಟಿಲ ಮೇಲೆ ಮಾಲತೇಶ ಎದುರಾದ.

"ಚೆನ್ನಾಗಿದೀರಾ ಮೇಡಂ?" ಎಂದ.

"ಹೂಂ."

"ಉಂಡ್ರಾ?"

"ಹೂಂ."

ಇಷ್ಟೇ ಕೇಳಿ ಹೋಗಿಬಿಟ್ಟ! ಅಲ್ಲ, ಹೋದವನು ಕಾರಿಡಾರಿನ ಕೊನೆಯಲ್ಲಿ ತಿರುಗಿ ನೋಡಿದ್ದು ಯಾಕೆ? ಅವಳ ತಲೆ ಕೆಟ್ಟು ಮೊಸರುಗಡಿಗೆಯಾಯಿತು.

ಆ ರಾತ್ರಿ ಅಡುಗೆಮನೆಯಲ್ಲಿ ಅವ್ವ ತಿಪ್ಪಮ್ಮ ರೊಟ್ಟಿ ಬಡಿಯುತ್ತಾ ಕೇಳಿದಳು, "ಯಾಕ ಚೌಡಿ, ತಟ್ಟೆ ಮುಂದಿಟ್ಕೊಂಡು ಏನು ಯೋಚನೆ?"

"ಒಬ್ರು ಚಲೋ ಮಾತಾಡ್ತಿದ್ದೋರು ಒಮ್ಮಿಂದೊಮ್ಮೆಲೇ ದೂರ ಹೋದ್ರೆ ಏನವ್ವ ಅರ್ಥ?"

"ನನ್ನ ಕೇಳಿದ್ರೆ? ದೂರ ಹೋದೋರನ್ನ ಕೇಳು" ಎಂದು ತಿಪ್ಪಮ್ಮ ಇನ್ನೊಂದು ರೊಟ್ಟಿ ಹಾಕಿದಳು. ಮಗಳ ಮುಖ ನೋಡಿ ಮತ್ತೇನೂ ಕೇಳಲಿಲ್ಲ.

ಕೇಳಬೇಕಂತೆ! ಹೇಗೆ ಕೇಳುವುದು? 'ನಾನು ದಡ್ಡಿ ಅಂತ ಬಿಟ್ಟಿರಾ' ಎಂದು ಕೇಳಲೇ? ಹೌದು ಎಂದುಬಿಟ್ಟರೆ?

ಹೀಗಿರುವಾಗ ಒಂದು ಮಧ್ಯಾಹ್ನ ಹರಿಹರದಿಂದ ಮರಳುವ ಬಸ್ಸಿನಲ್ಲಿ ಅವಳು ಕಿಟಕಿಗೆ ಒರಗಿ ಕೂತಿದ್ದಳು. ಬಾತಿ ಬಂತು. ಹಿಂದಿನ ಬಾಗಿಲಿನಿಂದ ಒಬ್ಬ ಇಳಿದು ರಸ್ತೆ ದಾಟಿದ. ಆ ನಡಿಗೆ, ಹೆಗಲಿನ ಆ ನೀಲಿ ಚೀಲ...

ಮಾಲತೇಶ!

"ಅವರು ಯಾವಾಗ ಹತ್ತಿದ್ರು?" ಎಂದು ಕಂಡಕ್ಟರನ್ನು ಕೇಳಿದಳು.

"ಆ ಸರ್ ದಿನಾ ಇದೇ ಬಸ್ಸಲ್ವೇನಮ್ಮ? ಬೆಳಿಗ್ಗೆ ಬರುವಾಗೂ ಇದೇ. ಸೀಟು ಖಾಲಿ ಐತೆ ಮುಂದೆ ಹೋಗ್ರಿ ಅಂದ್ರೆ ಬ್ಯಾಡ ಅಂತಾರ. ಹಿಂದಿನ ಬಾಗಿಲಾಗೇ ನಿಂತು ಬರ್ತಾರ."

ಚೌಡೇಶ್ವರಿ ದಂಗಾದಳು. ಅಂದರೆ ಇಷ್ಟು ದಿನವೂ ಒಂದೇ ಬಸ್ಸು! ನಾನು ಬೇಡವಾಗಿದ್ದರೆ ಇದೇ ಬಸ್ಸು ಯಾಕೆ? ನಾನು ಬೇಕಾಗಿದ್ದರೆ ಹಿಂದಿನ ಬಾಗಿಲು ಯಾಕೆ?

ಅಳು ಬಂತು. ಅದು ಸಿಟ್ಟಿನ ಅಳುವೋ, ಸಂತೋಷದ ಅಳುವೋ ಅವಳಿಗೇ ತಿಳಿಯಲಿಲ್ಲ. ಕಥೆ ಹೇಳುವ ನನ್ನನ್ನು ಕೇಳಿದರೆ, ಒಂದು ಮಾತಾಡಿದ್ದರೆ ಮುಗಿಯುತ್ತಿದ್ದ ಸಂಗತಿಗೆ ಇಬ್ಬರೂ ಸೇರಿ ಒಂದು ತಿಂಗಳು ಹಾಳು ಮಾಡಿಕೊಂಡರು. ಆದರೆ ಮನಸ್ಸು ಹಾಗೆ ಹೇಳಿದ್ದನ್ನೆಲ್ಲ ಕೇಳುತ್ತದೆಯೇ?

*

ಮಾರ್ಕಿನ ಕೊನೆಯ ದಿನ ಬಂತು. ಬೆಳಗಿನ ಡ್ಯೂಟಿ ಪೂರ್ತಿ ಅವಳದೇ. ಮಧ್ಯಾಹ್ನ ಎರಡಕ್ಕೆ ಮುಂದಿನವರಿಗೆ ಒಪ್ಪಿಸಿದರೆ ಮುಗಿಯಿತು. ಶಾಂತಕುಮಾರಿ ಕೈಕಟ್ಟಿ ಪಕ್ಕದಲ್ಲಿ ನಿಂತಿದ್ದರು. ಅಕ್ಕನಾಗಮ್ಮನೂ ಬಂದಿದ್ದರು.

ಡ್ಯೂಟಿಗೆ ಬಂದವನನ್ನು ನೋಡಿ ಚೌಡೇಶ್ವರಿ ಅಕ್ಕನಾಗಮ್ಮನ ಕಡೆ ತಿರುಗಿದಳು.

"ಇವತ್ತಿನ ಎರಡು ಗಂಟೆ ಡ್ಯೂಟಿಯವರು ರಜಾ ಹಾಕ್ಯಾರೆ. ಅದಕ್ಕೇ ಇವನನ್ನ ಕರೆಸೀನಿ" ಎಂದರು ಅಕ್ಕನಾಗಮ್ಮ, ಎಲ್ಲೋ ನೋಡುತ್ತಾ.

ಮಾಲತೇಶ ತಲೆ ತಗ್ಗಿಸಿ ನಿಂತಿದ್ದ. ಅವಳು ಒಂದು ಗಳಿಗೆ ಕಣ್ಣು ಮುಚ್ಚಿದಳು. 'ಚೌಡೇಶ್ವರಿ, ಮೊದಲು ರೋಗಿ. ಆಮೇಲೆ ನೀನು' ಎಂದು ತನಗೆ ತಾನೇ ಹೇಳಿಕೊಂಡಳು.

ಒಂದೊಂದೇ ಮಂಚ. ಯಾರಿಗೆ ಜ್ವರ ಇಳಿದಿದೆ, ಯಾರು ರಾತ್ರಿ ನಿದ್ದೆ ಮಾಡಿಲ್ಲ, ಯಾರ ಹೆಂಡತಿಗೆ ಔಷಧಿಯ ಬಗ್ಗೆ ಮತ್ತೊಮ್ಮೆ ತಿಳಿಸಿ ಹೇಳಬೇಕು, ಎಲ್ಲವನ್ನೂ ಹೇಳಿದಳು. ದನಿ ನಡುಗಲಿಲ್ಲ. ಕೊನೆಯದು ಗುತ್ತೆಪ್ಪಜ್ಜನ ಮಂಚ. ಹುಷಾರಾಗಿ ಮನೆಗೆ ಹೋಗಿದ್ದ ಅಜ್ಜ, ಕಾಲಿನ ಗಾಯ ಕೆರಳಿ ಮತ್ತೆ ಬಂದು ಸೇರಿದ್ದ.

"ಅಜ್ಜನ ಗಾಯ ಈಗ ಒಣಗಾಕೆ ಹತ್ತೈತೆ. ಸಂಜೀಗೆ ಸಕ್ಕರೆ ನೋಡಬೇಕು. ಕದ್ದು ಬೆಲ್ಲ ತಿಂತಾನೆ, ದಿಂಬಿನ ಕೆಳಗೂ ನೋಡ್ರಿ. ಅಜ್ಜನ್ನ ನಿಮ್ಮ ಕೈಗೆ ಬಿಟ್ಟೆ."

"ನನ್ನ ಕೈಗೆ ಬಂತು" ಎಂದ ಮಾಲತೇಶ. ನಡುಗಿದ್ದು ಅವನ ದನಿ.

ಶಾಂತಕುಮಾರಿ ಕಟ್ಟಿದ್ದ ಕೈ ಬಿಚ್ಚಿದರು. "ಈಕೆಗೆ ವಾರ್ಡ್ ಒಪ್ಪಿಸಬಹುದು" ಎಂದರು. ಆಮೇಲೆ, ನಂಬಿದರೆ ನಂಬಿ, ನಕ್ಕರು!

ಗೆದ್ದಿದ್ದಳು. ಆದರೂ ಚೌಡೇಶ್ವರಿಯ ಮನಸ್ಸು ಕುಣಿಯಲಿಲ್ಲ. ಸೀದಾ ಹೊರಗಿನ ವರಾಂಡಕ್ಕೆ ಬಂದು ಕಂಬ ಹಿಡಿದು ನಿಂತಳು. ಹಿಂದೆಯೇ ಹೆಜ್ಜೆ ಸಪ್ಪಳ ಕೇಳಿತು.

"ಮೇಡಂ... ಬಾಳ ಸಂತೋಷ ಆತ್ರಿ."

ಅವಳು ಸರ್ರನೆ ತಿರುಗಿದಳು. "ಸಂತೋಷನಾ? ಹೇಳದೇ ಬಿಟ್ಟು ಹೋಗಂಗಿಲ್ಲ ಅಂತ ನನಗೆ ಕಲಿಸಿದ್ದು ಯಾರು?"

"ಮೇಡಂ..."

"ಗುತ್ತೆಪ್ಪಜ್ಜನ್ನ ಬಿಡಬೇಕಾದ್ರೆ ಮಂಚದ ಹತ್ರ ನಿಂತು ಎಲ್ಲಾ ಹೇಳಿ ಬಿಡ್ತೀರಿ. ನನ್ನನ್ನ ಬಿಡಬೇಕಾದ್ರೆ ಒಂದು ಮಾತು ಹೇಳಬೇಕು ಅನ್ನಿಸ್ಲಿಲ್ವಾ? ನಾನು ಅಷ್ಟೂ ಬ್ಯಾಡಾದ್ನಾ? ನನ್ನ ಕೆಲಸ ಅಷ್ಟು ಕೆಟ್ಟದಾಗಿತ್ತಾ?" ಅವಳ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು.

ಮಾಲತೇಶನ ಮುಖ ಬಿಳಿಚಿತು. "ಕೆಟ್ಟದಾಗಿತ್ತಾ? ಹಂಗಂತ ಅನ್ಕೊಂಡ್ರಾ? ಅಯ್ಯೋ ಶಿವನೇ!"

"ಮತ್ತೆ ಹೆಂಗೆ ಅನ್ಕೊಬೇಕಿತ್ತು?"

ಅವನು ವರಾಂಡದ ಕಟ್ಟೆಯ ಮೇಲೆ ಕುಸಿದು ಕೂತ. ಮಾತು ಬೋರ್ಡಿನ ಮುಂದೆ ಸಿಕ್ಕಿಕೊಂಡಂತೆಯೇ ಸಿಕ್ಕಿಕೊಂಡಿತು.

"ಮಾರ್ಕು ಹಾಕೋರು ಸಂಬಂಧಿಕರು ಆಗಿರಬಾರದು ಅಂತ ಐತಲ್ರಿ..."

"ನಾವು ಸಂಬಂಧಿಕರಲ್ಲವಲ್ಲ."

"ಆಗಬೇಕು ಅಂತ ನನಗೆ ಆಸೆ ಬಂದುಬಿಡ್ತು. ಮಂಡಿಪೇಟಿಯಾಗೆ ನಿಂತಾಗ. ನಿಮ್ಮ ಕೈ ನೋಡಿದಾಗ, ಈ ಕೈ ಚೆನ್ನಾಗೈತೋ ಇಲ್ಲೋ ಅಂತ ಮಾರ್ಕು ಹಾಕಾಕೆ ನನಗೆ ಬರಂಗಿಲ್ಲ ಅನ್ನಿಸ್ತು. ಎಲ್ಲಾ ಚೆನ್ನಾಗೇ ಕಾಣ್ತಿತ್ತು. ಅಕ್ಕನಾಗಮ್ಮೋರಿಗೆ ಇದ್ದಿದ್ದು ಇದ್ದಂಗೆ ಹೇಳಿದೆ."

ಚೌಡೇಶ್ವರಿ ಕಂಬವನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು. "ಅವರಿಗೆ ಹೇಳಿದ್ರಿ. ನನಗೆ ಯಾಕ ಹೇಳ್ಲಿಲ್ಲ?"

"ಮಾರ್ಕು ಮುಗಿಯೋದ್ರೊಳಗೆ ನಾನು ಕೇಳಿದ್ರೆ? ನೀವು ಹೂಂ ಅಂದ್ರೆ, ಹುದ್ದೆಗೋಸ್ಕರ ಅಂದ್ರು ಅಂತ ಜನ ಆಡ್ಕೊಂತಾರೆ. ಇಲ್ಲ ಅಂದ್ರೆ, ಅದಕ್ಕೇ ಇವನು ಹಿಂದೆ ಸರಿದ ಅಂತಾರೆ. ನಿಮ್ಮ ಕೆಲಸಕ್ಕೆ ನನ್ನ ನೆರಳು ಬೀಳಬಾರದು ಅಂತ..."

"ಅದಕ್ಕೆ ಹಿಂದಿನ ಬಾಗಿಲು?"

ಅವನು ಬೆಚ್ಚಿ ತಲೆ ಎತ್ತಿದ. "ನೋಡಿದ್ರಾ?"

"ನೋಡಿದೆ."

"ದೂರ ಇರಬೇಕು ಅಂತ ಇತ್ತು. ಬ್ಯಾರೆ ಬಸ್ಸಿಗೆ ಹೋಗಾಕೆ ಮಾತ್ರ ಆಗ್ಲಿಲ್ಲ."

ಚೌಡೇಶ್ವರಿಗೆ ನಗು ಬಂತು, ಅಳುವೂ ಬಂತು, ಜೊತೆಗೇ ಇವನಿಗೆ ಎರಡು ಬಾರಿಸಬೇಕು ಅಂತಲೂ ಅನ್ನಿಸಿತು. ಯಾವುದು ಮೊದಲು ಮಾಡಬೇಕು ತಿಳಿಯದೆ ಅಂಗೈಯಿಂದ ಕಣ್ಣೊರೆಸಿಕೊಂಡಳು.

"ಬ್ರದರ್! ಬ್ರದರ್, ಇಲ್ಲಿ ಬರ್ರಿ, ನೀರು ಬೇಕು!" ಒಳಗಿನಿಂದ ಗುತ್ತೆಪ್ಪಜ್ಜ ಕೂಗಿದ.

"ಹೋಗ್ರಿ" ಎಂದಳು ಅವಳು. "ಅಜ್ಜ ನಿಮ್ಮ ಕೈಯಾಗೆ ಅದಾನೆ."

"ಮತ್ತೆ ನಿಮ್ಮ ಉತ್ತರ?"

"ಒಂದು ತಿಂಗಳು ನನ್ನ ತಲೆ ಕೆಡಿಸಿದ್ರಿ. ಒಂದು ದಿನ ನಿಮ್ಮ ತಲೆಯೂ ಕೆಡಲಿ. ನಾಳೆ ಹೇಳ್ತೀನಿ."

*

ಮರುದಿನ ಬಾತಿಯಲ್ಲಿ ಬಸ್ಸು ನಿಂತಾಗ ಮಾಲತೇಶ ಎರಡು ಬಾಗಿಲಿನ ನಡುವೆ ನಿಂತಿದ್ದ. ಮುಂದೆ ಹತ್ತಲೋ, ಹಿಂದೆ ಹತ್ತಲೋ? ರಾತ್ರಿ ನಿದ್ದೆಯಿಲ್ಲದ ಕಣ್ಣು ಕೆಂಪಾಗಿತ್ತು.

"ಸರ್, ಹತ್ತೋದಾದ್ರೆ ಹತ್ರಿ!" ಕಂಡಕ್ಟರ್ ಸೀಟಿ ಊದಿದ.

ಮಾಲತೇಶ ಮುಂದಿನ ಬಾಗಿಲಿಗೆ ಕಾಲಿಟ್ಟ.

ಅವಳು ಅಲ್ಲೇ ಕೂತಿದ್ದಳು. ಪಕ್ಕದ ಸೀಟಿನ ಮೇಲೆ ಬ್ಯಾಗ್ ಇತ್ತು. ಅವಳು ಅದನ್ನು ಎತ್ತಲಿಲ್ಲ! ಕಿಟಕಿಯಿಂದ ಹೊರಗೆ ನೋಡುತ್ತಾ ಕೂತೇ ಇದ್ದಳು. ಅವನ ಮುಖ ಬಾಡಿತು. ನಿಧಾನವಾಗಿ ಹಿಂದಿನ ಬಾಗಿಲ ಕಡೆ ತಿರುಗಿದ.

"ಎಲ್ಲಿಗ್ರಿ ಹೊಂಟ್ರಿ?"

ತಿರುಗಿ ನೋಡಿದ. ಅವಳು ಬ್ಯಾಗನ್ನು ಎತ್ತಿ ಅವನ ಮುಂದೆ ಹಿಡಿದಿದ್ದಳು.

"ಕೂಡ್ರಿ. ಇದನ್ನ ಹಿಡ್ಕೊಳ್ರಿ."

ಅವನು ಕೂತ. ಬ್ಯಾಗನ್ನು ಮಡಿಲಲ್ಲಿ ಇಟ್ಟುಕೊಂಡ. ಅದರ ಕೆಳಗೆ, ಯಾರಿಗೂ ಕಾಣದಂತೆ, ಅವಳ ಬೆರಳುಗಳು ಅವನ ಅಂಗೈಗೆ ಬಂದು ಸೇರಿದವು. ಒಂದಿಷ್ಟೂ ನಡುಗುತ್ತಿರಲಿಲ್ಲ.

"ನಿಮ್ಮ ಕೈಗೆ ಬಿಟ್ಟೆ" ಎಂದಳು ಮೆಲ್ಲಗೆ.

"ಬ್ಯಾಗಾ?" ಎಂದ ಬೆಪ್ಪನಂತೆ.

"ಬ್ಯಾಗ್ ಅಲ್ರೀ. ನನ್ನ ಮನಸ್ಸು."

ಬಸ್ಸು ಹರಿಹರದ ಕಡೆ ಹೊರಟಿತು. ಮಾಲತೇಶನ ಕಣ್ಣು ತುಂಬಿಬಂತು.

"ಬಂತು" ಎಂದ.

ಚೌಡೇಶ್ವರಿ ಅವನ ಕಡೆ ತಿರುಗಿ ನಕ್ಕಳು.

"ಪೂರ್ತಿ ಹೇಳ್ರಿ, ಬಾತಿಯೋರೆ."

"ನನ್ನ ಕೈಗೆ ಬಂತು."